ಕೆಮ್ಮು ನಿಲ್ಲುವವರೆಗೆ ಕಾಳು

ಪಾರಿವಾಳ ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಶಾಂತಿಯ ಪಕ್ಷಿಯಂತೆ! ಹಾಗೆ ಹೇಳಿದವರು ಯಾರೂ ಕೂಕಟ್‌ಪಲ್ಲಿಯ ಅಪಾರ್ಟ್‌ಮೆಂಟಿನ ಬಾಲ್ಕನಿ ತೊಳೆದವರಲ್ಲ. ಏಸಿ ಪೆಟ್ಟಿಗೆಯ ಹಿಂದೆ, ನೀರಿನ ಟ್ಯಾಂಕಿನ ಕೆಳಗೆ, ಮೆಟ್ರೋ ಸ್ಟೇಷನ್ನಿನ ಸಂದುಗಳಲ್ಲಿ, ಎಲ್ಲಿ ನೋಡಿದರೂ ಅವೇ, ಗುಟುರು ಹಾಕುತ್ತ, ಹಿಕ್ಕೆ ಹಾಕುತ್ತ. ಆದರೆ ಅವುಗಳದೇನು ತಪ್ಪು? ಕಾಳು ಇದ್ದಲ್ಲಿಗೆ ಹಕ್ಕಿ ಬರುತ್ತದೆ. ಕಾಳು ಹಾಕುತ್ತಿದ್ದವನು ನನ್ನ ಅಪ್ಪ. ಉಸಿರು ಕಳೆದುಕೊಂಡವಳು ನನ್ನ ಅವ್ವ.

ನಮ್ಮ ಮನೆ ನಡೆಯುತ್ತಿದ್ದದ್ದು ಜೋಳದ ರೊಟ್ಟಿಯ ಮೇಲೆ. ಅಪ್ಪ, ಅವ್ವ, ನಾನು, ಮೂವರೇ. ನಾನು ಮದುವೆಯಾಗಲಿಲ್ಲ, ಯಾಕೆ ಎಂದು ಕೇಳುವವರಿಗೆ ಉತ್ತರ ಕೊಡುವುದನ್ನೂ ಬಿಟ್ಟಿದ್ದೇನೆ. ಕಲಬುರಗಿ ಕಡೆಯಿಂದ ಬಂದು ಕಟ್ಟಡದ ಕೆಲಸದಲ್ಲಿ ಮೇಸ್ತ್ರಿಯಾಗಿದ್ದ ಅಪ್ಪನ ಮೊಣಕಾಲು ಕೈಕೊಟ್ಟ ಮೇಲೆ ಅವ್ವ ಒಲೆ ಹಚ್ಚಿದಳು. ಅವಳು ರೊಟ್ಟಿ ಬಡಿಯುತ್ತಿದ್ದಳು, ನಾನು ಬೇಯಿಸುತ್ತಿದ್ದೆ, ಅಪ್ಪ ಚೀಲ ಹೆಗಲಿಗೇರಿಸಿಕೊಂಡು ಸುತ್ತಮುತ್ತಲ ಪೀಜಿಗಳಿಗೆ ಕೊಟ್ಟು ಬರುತ್ತಿದ್ದ. ಬೆಂಗಳೂರಿನಿಂದ, ಮೈಸೂರಿನಿಂದ ಬಂದ ಕಂಪನಿ ಹುಡುಗರು ಕೂಡ ಅವ್ವನ ಕಡಕ್ ರೊಟ್ಟಿಗೆ ಬಾಯಿ ಬಿಡುತ್ತಿದ್ದರು.

ಅಂಗಡಿಯ ಹಿಟ್ಟನ್ನು ಅವ್ವ ಮುಟ್ಟುತ್ತಿರಲಿಲ್ಲ. ಊರ ಕಡೆಯಿಂದ ಬಿಳಿಜೋಳ ತರಿಸಿ, ಬೆಳಗಿನ ಬಿಸಿಲಲ್ಲಿ ಬಾಲ್ಕನಿಯಲ್ಲಿ ಕೂತು ಮೊರದಲ್ಲಿ ಕೇರಿ, ಹಸನು ಮಾಡಿ ಗಿರಣಿಗೆ ಕಳಿಸುತ್ತಿದ್ದಳು. ನುಚ್ಚು, ಹುಳ ಹಿಡಿದ ಕಾಳು ಎಲ್ಲ ಬಾಲ್ಕನಿಯ ಮೂಲೆಗೆ. "ಕಸಕ್ಕ ಯಾಕ ಚೆಲ್ಲೂದು, ಜೀವಕ್ಕ ಹಾಕೂಣು," ಎನ್ನುತ್ತಿದ್ದಳು. ಮೊರದ ಸಪ್ಪಳ ಕೇಳಿದರೆ ಸಾಕು, ಪಾರಿವಾಳಗಳು ಕಂಬಿಯ ಮೇಲೆ ಸಾಲಾಗಿ ಬಂದು ಕೂರುತ್ತಿದ್ದವು. ಅವುಗಳ ರೆಕ್ಕೆಯ ಗಾಳಿಗೆ ಒಣಗಿದ ಹಿಕ್ಕೆ ಪುಡಿಯಾಗಿ ಏಳುತ್ತಿತ್ತು. ಅವ್ವ ಸೆರಗು ಮೂಗಿಗೆ ಹಿಡಿದು ನಗುತ್ತಿದ್ದಳು.

ಕೆಮ್ಮು ಶುರುವಾದದ್ದು ಯಾವಾಗ ಎಂದು ನೆನಪಿಲ್ಲ. ಬೆಳಿಗ್ಗೆ ಚೆನ್ನಾಗಿಯೇ ಇರುತ್ತಿದ್ದಳು. ಸಂಜೆಯ ಹೊತ್ತಿಗೆ ಚಳಿ, ಜ್ವರ, ಎದೆ ಬಿಗಿದು ಒಣ ಕೆಮ್ಮು. ಮರುದಿನ ಇಳಿಯುತ್ತಿತ್ತು, ಮತ್ತೆ ಬರುತ್ತಿತ್ತು. ಬೀದಿ ಮೂಲೆಯ ಮೆಡಿಕಲ್ ಅಂಗಡಿಯವನಿಗೆ ಹೇಳಿದರೆ ಅವನು ತಲೆ ಎತ್ತಿಯೂ ನೋಡದೆ, "ಇನ್ಫೆಕ್ಷನ್ ಹೈ ಅಮ್ಮಾ, ಕೋರ್ಸ್ ಪೂರಾ ಕರೋ," ಎಂದು ಆಂಟಿಬಯೋಟಿಕ್ ಮಾತ್ರೆಯ ಪಟ್ಟಿ ಕತ್ತರಿಸಿ ಕೊಟ್ಟ. ಕೋರ್ಸಂತೆ ಕೋರ್ಸು! ಒಂದು ಮುಗಿಯಿತು, ಇನ್ನೊಂದು ಶುರುವಾಯಿತು.

ಕೊನೆಗೆ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ನ್ಯುಮೋನಿಯಾ ಎಂದರು, ಅಡ್ಮಿಟ್ ಮಾಡಿಕೊಂಡರು, ಸಲೈನಿನಲ್ಲಿ ಆಂಟಿಬಯೋಟಿಕ್ ಏರಿಸಿದರು. ಅವ್ವ ಚೇತರಿಸಿಕೊಂಡಳು. ನಾವು ಡಾಕ್ಟರಿಗೆ ಕೈ ಮುಗಿದು ಮನೆಗೆ ಕರೆತಂದೆವು. ಸ್ವಲ್ಪ ದಿನಕ್ಕೆ ಅದೇ ಜ್ವರ, ಅದೇ ಕೆಮ್ಮು. "ಮೊದಲಿನ ಔಷಧಿಗೆ ಬಗ್ಗಿಲ್ಲ, ಇನ್ನೂ ಸ್ಟ್ರಾಂಗ್ ಕೊಡೋಣ," ಎಂದರು. ಮತ್ತೆ ಅಡ್ಮಿಟ್, ಮತ್ತೆ ಗುಣ, ಮತ್ತೆ ಮನೆ, ಮತ್ತೆ ಜ್ವರ. ಒಮ್ಮೆ ಕಾಚಿಗೂಡದಲ್ಲಿ ರೈಲು ಹತ್ತಿಸಿ ರಾಯಚೂರಿನ ಚಿಕ್ಕಮ್ಮನ ಮನೆಗೆ ಕಳಿಸಿದಾಗ ಒಂದು ಮಾತ್ರೆಯೂ ಇಲ್ಲದೆ ಅವ್ವ ಗುಣವಾದಳು. ಊರಿನ ಹವಾ ಹಿಡಿಸಿತು ಎಂದು ಎಲ್ಲರೂ ಸಂತೋಷಪಟ್ಟರು. ಮನೆಯಿಂದ ದೂರವಿದ್ದಾಗಲೆಲ್ಲ ಈ ಹೆಂಗಸು ಯಾಕೆ ಚೆನ್ನಾಗಿರುತ್ತಾಳೆ ಎಂದು ಒಬ್ಬ, ಒಬ್ಬನಾದರೂ ಪುಣ್ಯಾತ್ಮ ಕೇಳಬೇಡವೇ? ಓದಿದವರು, ಬೋರ್ಡಿನ ಮೇಲೆ ಹೆಸರಿನ ಮುಂದೆ ಅಕ್ಷರಗಳ ಸಾಲು ಹಚ್ಚಿಕೊಂಡವರು!

ಕೇಳಿದರು, ಕೊನೆಗೊಮ್ಮೆ ಕೇಳಿದರು. ಅದೂ ಅರ್ಧ ಪ್ರಶ್ನೆ. ಮನೆಯಲ್ಲಿ ಏನು ಕೆಲಸ ಮಾಡುತ್ತೀರಿ ಎಂದರು. ರೊಟ್ಟಿ ಮಾಡುತ್ತೇವೆ ಎಂದೆ. ಡಾಕ್ಟರು ಪೆನ್ನಿನಿಂದ ಮೇಜು ಕುಟ್ಟಿ, "ಅದೇ ನೋಡಿ! ಹಿಟ್ಟಿನ ಧೂಳಿನ ಅಲರ್ಜಿ, ಅದರ ಮೇಲೆ ಇನ್ಫೆಕ್ಷನ್. ರೊಟ್ಟಿ ನಿಲ್ಲಿಸಿ," ಎಂದರು.

ನಿಲ್ಲಿಸಿದೆವು. ಅವ್ವ ತವೆಯನ್ನು ತೊಳೆದು ಗೋಡೆಗೆ ಬೋರಲು ಹಾಕಿದ ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ನಾನು ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಮನೆಯಲ್ಲಿ ಉಳಿದದ್ದು ಕೆಮ್ಮುವ ಅವ್ವ, ಕೆಲಸವಿಲ್ಲದ ಅಪ್ಪ, ಮತ್ತು ಜೋಳದ ಮೂಟೆಗಳು.

ಅಪ್ಪ ದಡ್ಡನಲ್ಲ, ಕೆಟ್ಟವನೂ ಅಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು. ಕೆಟ್ಟವನಾಗಿದ್ದರೆ ಬೈದು ಕೈ ತೊಳೆದುಕೊಳ್ಳಬಹುದಿತ್ತು. ಮೂಟೆ ಹಾಗೇ ಬಿದ್ದು ಹುಳ ಹಿಡಿಯುವುದನ್ನು ನೋಡಿ ಅವನು ದೇವರ ಮುಂದೆ ಕರ್ಪೂರ ಹಚ್ಚಿ ಹರಕೆ ಹೊತ್ತ. ಅವ್ವನ ಕೆಮ್ಮು ನಿಲ್ಲುವವರೆಗೆ ದಿನವೂ ಹಕ್ಕಿಗಳಿಗೆ ಕಾಳು ಹಾಕುತ್ತೇನೆ, ಒಂದು ದಿನವೂ ತಪ್ಪಿಸುವುದಿಲ್ಲ ಎಂದು. ಬರೀ ತಾನು ಹಾಕಿದರೆ ಆಗುತ್ತದೆಯೇ? ಯಾರ ಸಲುವಾಗಿ ಹರಕೆಯೋ ಅವರ ಕೈ ಮುಟ್ಟಿದ ಕಾಳೇ ಆಗಬೇಕು. ಅವ್ವನನ್ನು ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೂರಿಸಿ, ಬೊಗಸೆ ಜೋಳ ಮುಟ್ಟಿಸಿ, ಅವಳ ಕಾಲ ಬುಡದಲ್ಲೇ ಚೆಲ್ಲುತ್ತಿದ್ದ. ಮೊದಲು ನುಚ್ಚಿಗೆ ಬರುತ್ತಿದ್ದದ್ದು ಹತ್ತಾರು ಹಕ್ಕಿ. ಈಗ ಇಡೀ ಜೋಳಕ್ಕೆ ಕೂಕಟ್‌ಪಲ್ಲಿಯ ಪಾರಿವಾಳಗಳೆಲ್ಲ ಇಳಿದವು. ಅವ್ವ ಆ ಧೂಳಿನ ನಡುವೆ ಕಣ್ಣು ಮುಚ್ಚಿ ಕೈ ಮುಗಿದು ಕೂರುತ್ತಿದ್ದಳು. ಕೆಮ್ಮು ಹೆಚ್ಚಾಯಿತು. ಕೆಮ್ಮು ಹೆಚ್ಚಾಯಿತೆಂದು ಅಪ್ಪ ಕಾಳು ಹೆಚ್ಚು ಮಾಡಿದ.

ಬಚ್ಚಲಿನಿಂದ ಮಂಚಕ್ಕೆ ಬರುವಷ್ಟರಲ್ಲಿ ಅವ್ವ ಗೋಡೆ ಹಿಡಿದು ನಿಲ್ಲತೊಡಗಿದಾಗ ನಾನು ಯಾರ ಮಾತನ್ನೂ ಕೇಳದೆ ಆಟೋ ಕರೆಸಿ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿ ಎದೆರೋಗದ ಡಾಕ್ಟರು ಒಬ್ಬ ಹೆಂಗಸು, ತೆಲುಗಿನವರು. ಹಳೆಯ ಎಕ್ಸ್‌ರೇಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಅವ್ವನ ಮುಖ ನೋಡಿ ಕೇಳಿದರು, "ಅಮ್ಮಾ, ಇಂಟ್ಲೋ ಪಕ್ಷುಲು ಉನ್ನಾಯಾ?"

ಮನೆಯಲ್ಲಿ ಹಕ್ಕಿಗಳಿವೆಯೇ ಎಂಬ ಆ ಪ್ರಶ್ನೆಗೆ ಅವ್ವನ ಮುಖ ಅರಳಿತು. "ಸಾಕಿಲ್ಲರಿ ಡಾಕ್ಟ್ರ, ತಾವs ಬರ್ತಾವ ದಿನಾ. ನಮ್ಮವರು ನನ್ನ ಸಲುವಾಗಿ ಕಾಳು ಹಾಕ್ತಾರ," ಎಂದಳು, ಹೆಮ್ಮೆಯಿಂದ. ನಾನು ತೆಲುಗಿನಲ್ಲಿ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು.

ಸ್ಕ್ಯಾನು, ರಕ್ತ, ಉಸಿರಿನ ಪರೀಕ್ಷೆ ಎಲ್ಲ ಆದ ಮೇಲೆ ಅವರು ನನಗೆ ನಿಧಾನವಾಗಿ ಬಿಡಿಸಿ ಹೇಳಿದರು. ಈ ಜ್ವರ ಸೋಂಕಿನದಲ್ಲ. ಹಿಟ್ಟಿನದೂ ಅಲ್ಲ. ಹಕ್ಕಿಯ ಹಿಕ್ಕೆ, ಪುಕ್ಕದ ಧೂಳು ಒಳಗೆ ಹೋದಾಗ ಅವ್ವನ ಮೈ ಅದನ್ನು ವೈರಿ ಎಂದುಕೊಂಡು ಹೋರಾಡುತ್ತದೆ. ಆ ಹೋರಾಟದಲ್ಲೇ ಶ್ವಾಸಕೋಶ ಬೇಯುತ್ತದೆ. ಮೇಲಿನಿಂದ ನೋಡಿದರೆ ನ್ಯುಮೋನಿಯಾದ ಹಾಗೆಯೇ ಕಾಣುತ್ತದೆ. ಆಸ್ಪತ್ರೆಯಲ್ಲಿ ಗುಣವಾದದ್ದು ಆಂಟಿಬಯೋಟಿಕ್‌ನಿಂದಲ್ಲ, ಅಲ್ಲಿ ಪಾರಿವಾಳ ಇರಲಿಲ್ಲವಾದ್ದರಿಂದ. ಬೆಂದ ಜಾಗ ಕೆಲವು ಕಡೆ ಗಟ್ಟಿಯಾಗಿ ಕಲೆಗಟ್ಟಿದೆ, ಅದು ಇನ್ನು ವಾಪಸ್ ಬರುವುದಿಲ್ಲ. "ಮತ್ತೆ ಧೂಳು ಕುಡಿದರೆ ಉಳಿದದ್ದೂ ಹಾಗೇ ಆಗುತ್ತದೆ," ಎಂದರು.

ಸ್ಟೀರಾಯ್ಡ್ ಮಾತ್ರೆ ಬರೆದುಕೊಟ್ಟು ಇನ್ನೊಂದು ಮಾತು ಹೇಳಿದರು. ಈ ಮಾತ್ರೆ ಮೈಯ ಸಿಟ್ಟನ್ನು ತಗ್ಗಿಸುತ್ತದೆ. ಆದರೆ ಕಾವಲೂ ತಗ್ಗುತ್ತದೆ, ನಿಜವಾದ ಸೋಂಕು ಸುಲಭವಾಗಿ ಒಳಗೆ ಬರುತ್ತದೆ. ಅದು ಬಂದಾಗಲೂ ಇದೇ ಕೆಮ್ಮು, ಇದೇ ಜ್ವರ. ಎರಡರಲ್ಲಿ ಯಾವುದು ಎಂದು ಮನೆಯಲ್ಲಿ ಊಹೆ ಮಾಡುತ್ತ ಕೂರಬೇಡಿ, ಓಡಿ ಬನ್ನಿ ಎಂದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಅಷ್ಟೂ ಸಲೈನು, ಅಷ್ಟೂ ಸೂಜಿ, ಬಾಯಿ ಹುಣ್ಣಾಗಿ ಅನ್ನ ನುಂಗಲಾರದೆ ಅವ್ವ ಅತ್ತದ್ದು, ಗೋಡೆಗೆ ಬೋರಲು ಹಾಕಿದ ತವೆ, ಎಲ್ಲ ಸುಮ್ಮನೆ! ಯಾರ ಕುತ್ತಿಗೆ ಹಿಡಿಯಬೇಕು ಎಂದು ತಿಳಿಯದೆ ನನ್ನ ಹಲ್ಲು ನಾನೇ ಕಡಿದೆ.

ಮರುದಿನವೇ ಬಾಲ್ಕನಿಗೆ ಬಲೆ ಕಟ್ಟಿಸಲು ಆಳು ಕರೆಸಿದೆ. ಬಿಲ್ಡಿಂಗಿನ ಹಿರಿಯರೊಬ್ಬರು ಮೆಟ್ಟಿಲ ಮೇಲೆ ನಿಂತು, ಮೂಕಪ್ರಾಣಿಗಳ ಅನ್ನ ತಪ್ಪಿಸಿದರೆ ಪಾಪ ತಟ್ಟುತ್ತದೆ ಎಂದು ಉಪದೇಶ ಮಾಡಿದರು. "ನಮ್ಮವ್ವನೂ ಪ್ರಾಣೀನೇ," ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಅಪ್ಪ ಬಕೆಟ್ಟು ಹಿಡಿದು ಬಂದ. ತಾನೇ ಬಾಲ್ಕನಿ ಒದ್ದೆ ಬಟ್ಟೆಯಿಂದ ಒರೆಸಿದ, ಉಳಿದ ಜೋಳದ ಮೂಟೆ ಕೆಳಗೆ ಸಾಗಿಸಿದ. ತಿಳಿದುಕೊಂಡನಲ್ಲ ಎಂದು ನನಗೆ ಸಮಾಧಾನವಾಯಿತು.

ಅವ್ವ ಸುಧಾರಿಸಿದಳು. ಗೋಡೆ ಬಿಟ್ಟು ನಡೆದಳು. ತವೆಯ ಕಡೆ ಒಮ್ಮೆ ಕಣ್ಣು ಹಾಯಿಸಿದ್ದನ್ನೂ ನೋಡಿದೆ. ಆಮೇಲೆ ಮತ್ತೆ ಸಂಜೆಯ ಜ್ವರ. ಓಡಿದೆವು. ಕಫದಲ್ಲಿ, ರಕ್ತದಲ್ಲಿ ರೋಗಾಣು ಸಿಗಲಿಲ್ಲ. ಅಲರ್ಜಿಯೇ ಎಂದು ಮಾತ್ರೆ ಏರಿಸಿದರು. ಏರಿಸಿದ್ದೇ ತಡ, ಬಿಲ್ಡಿಂಗಿನಲ್ಲೆಲ್ಲ ಹರಡಿದ್ದ ನೆಗಡಿ ಅವ್ವನಿಗೂ ತಗುಲಿ ಎದೆಗಿಳಿಯಿತು. ಈ ಸಲ ನಿಜವಾದ ನ್ಯುಮೋನಿಯಾ. ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿ ಮಲಗಿಸಿದರು. ಮಾತ್ರೆ ಇಳಿಸಿದರೆ ಅಲರ್ಜಿ ಏಳುತ್ತದೆ, ಏರಿಸಿದರೆ ಸೋಂಕಿಗೆ ಬಲ ಬರುತ್ತದೆ. ಡಾಕ್ಟರು ದಿನವೂ ಅವ್ವನ ಕಾಲ ಹತ್ತಿರ ನಿಂತು ಯೋಚನೆ ಮಾಡುತ್ತಿದ್ದರು. ಹಿಂದೆ ಸೋಂಕಿಲ್ಲದಾಗ ಬಾಚಿ ಬಾಚಿ ಕೊಟ್ಟಿದ್ದ ಔಷಧಿಗಳಲ್ಲಿ ಕೆಲವಕ್ಕೆ ಈ ಸಲದ ರೋಗಾಣು ಬಗ್ಗಲೇ ಇಲ್ಲ. ಬೇರೆ ಹುಡುಕಬೇಕಾಯಿತು.

ಜೀವ ಉಳಿಯಿತು. ಮನೆಗೆ ಕಳಿಸುವ ದಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಬಲೆ ಕಟ್ಟಿದರೂ ಅಲರ್ಜಿ ಎದ್ದಿದೆ ಎಂದರೆ ಆ ಧೂಳು ಎಲ್ಲಿಂದಲೋ ಒಳಗೆ ಬರುತ್ತಿದೆ. ಹುಡುಕಿ. ಇನ್ನೊಂದು ಸಲ ಹೀಗಾದರೆ ನನ್ನ ಕೈಯಲ್ಲಿ ಏನೂ ಇರುವುದಿಲ್ಲ," ಎಂದರು.

ಹುಡುಕಿದೆ. ಹಾಸಿಗೆ, ದಿಂಬು, ಪರದೆ, ಏಸಿಯ ಜಾಳಿಗೆ, ಎಲ್ಲ. ಸಿಕ್ಕದ್ದು ಒಗೆಯಲು ಹಾಕಿದ ಅಪ್ಪನ ಅಂಗಿಯಲ್ಲಿ. ಹೆಗಲ ಮೇಲೆ ಬಿಳಿ ಕಲೆ. ಕಾಲರಿನ ಒಳಗೆ ಬೂದು ಬಣ್ಣದ ಸಣ್ಣ ಪುಕ್ಕ. ಜೇಬು ತಿರುವಿದರೆ ಜೋಳದ ಕಾಳು.

ಅಪ್ಪ ದಿನವೂ ಮಧ್ಯಾಹ್ನ ಹಳೆಯ ಗೆಳೆಯರನ್ನು ನೋಡಿ ಬರುತ್ತೇನೆಂದು ಮೆಟ್ರೋ ಹತ್ತುತ್ತಿದ್ದ. ಹೋಗುತ್ತಿದ್ದದ್ದು ನಗರದ ನಡುವಿನ ಅಬಿಡ್ಸ್ ಕಡೆಗೆ ಎಂದು ಆಮೇಲೆ ತಿಳಿಯಿತು. ಅಲ್ಲಿ ರಸ್ತೆಯ ಪಕ್ಕ ಜನ ಪಾರಿವಾಳಗಳಿಗೆ ಕಾಳು ಹಾಕುವ ಜಾಗವಿದೆ. ಹೋಗುವ ಮುಂಚೆ ಅವ್ವನ ಅಂಗೈಗೆ ಕಾಳು ಮುಟ್ಟಿಸಿಕೊಂಡು ಹೋಗುತ್ತಿದ್ದ. ದೇವರಿಗೆ ಎತ್ತಿಡುವುದು ಎಂದು ಅವಳಿಗೆ ಹೇಳಿದ್ದ. ಬಂದವನೇ ಅದೇ ಅಂಗಿಯಲ್ಲಿ ಅವಳ ಮಂಚದ ಮೇಲೆ ಕೂತು, ಅವಳನ್ನು ಎದೆಗೆ ಒರಗಿಸಿಕೊಂಡು ಬೆನ್ನು ನೀವುತ್ತಿದ್ದ. ಅಯ್ಯೋ, ಎಷ್ಟು ಪ್ರೀತಿ!

ಅಂಗಿ ಅವನ ಮುಂದೆ ಎಸೆದೆ. "ಏನಪ್ಪಾ ಇದು?"

ಅವನು ಪುಕ್ಕ ನೋಡಿದ. ಸುಳ್ಳು ಹೇಳಲಿಲ್ಲ. "ಹರಕಿ ಐತಿ," ಎಂದ.

"ಅವ್ವ ಸಾಯಾಕತ್ತಾಳ!"

"ಅದಕ್ಕs ಹಾಕಾಕತ್ತೀನಿ. ಅರ್ಧಕ್ಕ ಬಿಟ್ರ ಆಕಿಗೇ ತಟ್ಟತೈತಿ. ಕೆಮ್ಮು ನಿಂತ ದಿನ ಬಿಡ್ತೀನಿ."

"ನೀ ಬಿಟ್ರ ಕೆಮ್ಮು ನಿಲ್ತೈತಿ, ಮಾರಾಯಾ!"

"ನಿಂತ್ರ ಬಿಡ್ತೀನಿ ಅಂದ್ನೆಲ್ಲ."

"ದೇವರಿಗೆ ಬ್ಯಾರೆ ಏನರ ಕೊಡು. ತೆಂಗಿನಕಾಯಿ ಕೊಡು, ಮುಡಿ ಕೊಡು."

"ದೇವರ ಜೋಡಿ ಚೌಕಾಶಿ ಮಾಡಬೇಕೇನ? ಬಟ್ಟಿಗೆ ಹತ್ತಿದ ಧೂಳಿಂದ ಯಾರರ ಸಾಯ್ತಾರೇನವಾ?" ಎನ್ನುತ್ತ ಅಪ್ಪ ಅಳತೊಡಗಿದ. ಅತ್ತದ್ದು ನೋಡಿ ನನ್ನ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಕೇಳಿಸಿಕೊಂಡ. ಮರುದಿನ ಮಧ್ಯಾಹ್ನ ಚಪ್ಪಲಿ ಮೆಟ್ಟಿ ಮತ್ತೆ ಹೋದ.

ಇದೆಲ್ಲ ಅವ್ವನಿಗೆ ಒಳಗಿನ ಮಂಚದ ಮೇಲಿಂದ ಕೇಳಿತ್ತು. ಅದರ ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಅವಳು ಸ್ನಾನ ಮಾಡಿ, ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು ಹೊರಗಿನ ಕೋಣೆಯ ಕುರ್ಚಿಯಲ್ಲಿ ಕೂತಿದ್ದಳು. ಅಪ್ಪ ಚಹಾ ಕೊಟ್ಟ. ಕುಡಿದಳು. ಕೆಮ್ಮಲಿಲ್ಲ.

"ಏನ್ರಿ, ನಿನ್ನಿ ರಾತ್ರಿಯಿಂದ ಕೆಮ್ಮಿಲ್ಲ ನೋಡ್ರಿ," ಎಂದಳು.

ಅಪ್ಪ ಅವಳ ಎದುರಿಗೇ ಕೂತ. ಬಹಳ ಹೊತ್ತು ನೋಡಿದ. ಅವಳು ಅವನೊಡನೆ ಊರಿನ ಮಾತು, ಚಿಕ್ಕಮ್ಮನ ಮಾತು, ಏನೇನೋ ಸಣ್ಣ ಸಣ್ಣ ಮಾತು ಆಡಿದಳು. ಕುತ್ತಿಗೆಯ ನರ ಉಬ್ಬಿದ್ದು, ಕುರ್ಚಿಯ ಕೈ ಹಿಡಿದ ಬೆರಳು ಬೆಳ್ಳಗಾದದ್ದು, ಕಣ್ಣಂಚಿನಲ್ಲಿ ನೀರು ಬಂದದ್ದು, ಎಲ್ಲ ನಾನು ನೋಡಿದೆ. ಅಪ್ಪ ಸಂತೋಷದ ಕಣ್ಣೀರು ಎಂದುಕೊಂಡ. ಎದ್ದು ಸ್ನಾನ ಮಾಡಿದ, ದೇವರ ಮುಂದೆ ಕಾಯಿ ಒಡೆದ, "ಹರಕಿ ಮುಟ್ಟಿತಪ್ಪಾ," ಎಂದು ಅಡ್ಡ ಬಿದ್ದ. ಒಡೆದ ಕಾಯಿಯ ಚೂರುಗಳನ್ನು ತಟ್ಟೆಯಲ್ಲಿ ಇಟ್ಟುಕೊಂಡು ಬಿಲ್ಡಿಂಗಿನವರಿಗೆ ಹಂಚಲು ಹೊರಟ.

ಬಾಗಿಲು ಮುಚ್ಚಿದ ಸದ್ದಾಯಿತು. ಅವ್ವ ಬಚ್ಚಲಿಗೆ ಓಡಿ, ಟವೆಲ್ಲಿನಲ್ಲಿ ಮುಖ ಹುದುಗಿಸಿ ಕೆಮ್ಮಿದಳು. ಇಡೀ ಮೈ ಮಡಚಿ ಬೀಳುವ ಹಾಗೆ ಕೆಮ್ಮಿದಳು. "ನಾ ಹೇಳ್ತೀನಿ ಅಪ್ಪಗ. ಇದೇನು ಹಣೆಬರಹನಾ ನಿಂದು?" ಎಂದು ನಾನು ಕೂಗಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು. ಉಸಿರು ಸಿಕ್ಕಾಗ ಹೇಳಿದಳು, "ಬಾಯಿ ಬಿಟ್ಟೀ, ನೋಡು. ನಳಾ ಬಿಡು. ಮೆಟ್ಟಲ ಮ್ಯಾಲ ಅವರ ಸಪ್ಪಳ ಆಕತ್ತೈತಿ." ನಾನು ನಲ್ಲಿ ಪೂರ್ತಿ ತಿರುಗಿಸಿದೆ.

ಹೀಗೆ ಎಷ್ಟೋ ದಿನ ನಡೆಯಿತು. ಅಪ್ಪ ಮನೆಯಲ್ಲಿದ್ದಾಗ ಅವ್ವ ಹಿಡಿದುಕೊಳ್ಳುವುದು, ಅವನು ಹೊರಗೆ ಹೋದಾಗ ಕೆಮ್ಮುವುದು. ಅವನು ಅಬಿಡ್ಸ್‌ಗೆ ಹೋಗುವುದು ನಿಂತ ಮೇಲೆ ಧೂಳು ನಿಂತಿತು, ಧೂಳು ನಿಂತ ಮೇಲೆ ಕೆಮ್ಮು ನಿಜವಾಗಿಯೂ ಇಳಿಯಿತು. ಮಾತ್ರೆ ಕಡಿಮೆಯಾಯಿತು. ಕಲೆಗಟ್ಟಿದ ಭಾಗ ಹಾಗೇ ಇದೆ. ಮೆಟ್ಟಿಲು ಹತ್ತಲಾರಳು, ಲಿಫ್ಟೇ ಗತಿ. ರೊಟ್ಟಿ ಬಡಿಯುವ ಕೈಗೆ ಈಗ ಉಸಿರಿಲ್ಲ. ಒಬ್ಬ ಹೆಂಗಸು ಅರ್ಧ ಉಸಿರಿನಲ್ಲಿ ನಾಟಕ ಆಡಬೇಕು, ಗಂಡ ಅವಳ ಪ್ರಾಣ ತೆಗೆಯುವುದನ್ನು ನಿಲ್ಲಿಸಲಿ ಎಂದು! ನೆನೆಸಿಕೊಂಡರೆ ಇವತ್ತಿಗೂ ನನ್ನ ರಕ್ತ ಕುದಿಯುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ನಾನೂ ನುಂಗಿಕೊಳ್ಳುತ್ತಿದ್ದೆನೇನೋ. ಒಂದು ದಿನ ನಾವು ಮೂವರೂ ಡಾಕ್ಟರಲ್ಲಿಗೆ ಹೋಗಿ ವಾಪಸ್ ಬರುತ್ತಿದ್ದೆವು. ಲಿಫ್ಟಿನಲ್ಲಿ ಕೆಳಗಿನ ಮನೆಯ ಮಂಗಳೂರಿನ ಹುಡುಗಿ ಸಿಕ್ಕಳು. ಐಟಿ ಕಂಪನಿಯಲ್ಲಿ ಕೆಲಸ, ಕಂಕುಳಲ್ಲಿ ಪುಟ್ಟ ಮಗಳು. ಮಗುವಿನ ಎದೆಯಿಂದ ಸುಂಯ್ ಸುಂಯ್ ಎಂಬ ಸದ್ದು ನಮಗೂ ಕೇಳುತ್ತಿತ್ತು. ನೆಗಡಿ ಬಂದಾಗಲೆಲ್ಲ ಹೀಗೇ ಉಬ್ಬಸ ಬರುತ್ತದೆ, ಏನು ಮಾಡುವುದೆಂದೇ ಗೊತ್ತಾಗುವುದಿಲ್ಲ ಎಂದು ಆಕೆ ಹೇಳಿಕೊಂಡಳು.

ಅಪ್ಪ ಮಗುವಿನ ತಲೆ ಸವರಿದ. "ಹಕ್ಕಿಗೆ ಕಾಳು ಹಾಕವಾ. ಕೂಸಿನ ಕೈ ಮುಟ್ಟಿಸಿ ಹಾಕು. ನಮ್ಮಾಕಿಗೆ ಹಂಗs ಆರಾಮಾತು, ನೋಡು."

"ಹೌದಾ ಅಂಕಲ್?" ಆ ಹುಡುಗಿ ಕಣ್ಣರಳಿಸಿದಳು. "ಬಾಲ್ಕನಿಯಲ್ಲೇ ಹಾಕಿದ್ರೆ ಸಾಕಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವನ ದನಿ ಬಂತು. ಅಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿ ಎಷ್ಟೋ ಕಾಲವಾಗಿತ್ತು.

"ಬ್ಯಾಡವಾ! ಒಂದು ಕಾಳು ಸೈತ ಹಾಕಬ್ಯಾಡ. ಆ ಹಕ್ಕಿ ಧೂಳs ನನ್ನ ಎದಿ ತಿಂದದ್ದು. ಕೂಸಿನ್ನ ಡಾಕ್ಟ್ರಿಗೆ ತೋರ್ಸು." ಉಸಿರು ಸಾಲದೆ ನಿಂತು, ಗೋಡೆ ಹಿಡಿದು, ಅಪ್ಪನ ಕಡೆ ತಿರುಗಿದಳು. "ಅವತ್ತ ನನ್ನ ಕೆಮ್ಮು ನಿಂತಿದ್ದಿಲ್ಲರಿ. ಹಿಡ್ಕೊಂಡು ಕುಂತಿದ್ದೆ. ನೀವು ಬಿಡ್ಲಿ ಅಂತ."

"ಏನಂದಿ?" ಎಂದ ಅಪ್ಪ.

"ಖರೇನರಿ. ನೀವು ಬಿಟ್ಟ ಮ್ಯಾಲ ನಿಂತದ್ದು."

ಲಿಫ್ಟು ಆ ಹುಡುಗಿಯ ಮನೆಯ ಮಹಡಿಯಲ್ಲಿ ನಿಂತಿತು. ಅವಳು ಮಗುವನ್ನು ಅವಚಿಕೊಂಡು ಇಳಿದಳು. ನಮ್ಮ ಮಹಡಿ ಬಂದಾಗ ಅಪ್ಪ ನಮ್ಮ ಹಿಂದೆ ಇಳಿದ. ನಾನು ಅವ್ವನ ಕೈ ಹಿಡಿದು ಒಳಗೆ ಕರೆದೊಯ್ದು ಕೂರಿಸಿ, ಬಾಗಿಲು ಹಾಕಲೆಂದು ತಿರುಗಿದೆ. ಅಪ್ಪ ಹೊಸ್ತಿಲ ಹೊರಗೆ ನಿಂತು ಅಂಗಿಯ ಗುಂಡಿ ಬಿಚ್ಚುತ್ತಿದ್ದ. ಬನಿಯನ್ನಿನಲ್ಲಿ ನಿಂತು, ಅಂಗಿಯನ್ನು ಮಡಚಿ, ಚಪ್ಪಲಿಯ ಪಕ್ಕ ಹೊರಗೇ ಇಟ್ಟ. ಅವತ್ತು ಆ ಅಂಗಿಯ ಮೇಲೆ ಏನೂ ಇರಲಿಲ್ಲ. ಆಸ್ಪತ್ರೆಗೆಂದು ಬೆಳಿಗ್ಗೆ ನಾನೇ ಇಸ್ತ್ರಿ ಮಾಡಿ ಕೊಟ್ಟ ಅಂಗಿ ಅದು.